ಕುರ್ಲಾದ ನೆಲಮಹಡಿ ಮನೆ ಬೇಡ

ಮುಂಬೈನಲ್ಲಿ 32 ಡಿಗ್ರಿ ಅಂದ್ರೆ ಮಂಡ್ಯಕ್ಕಿಂತ ತಂಪಲ್ವೇ, ಕುರ್ಲಾದಲ್ಲಿ ನೆಲಮಹಡಿ ಮನೆ ಅಗ್ಗವಾಗಿ ಸಿಕ್ಕಿದೆ, ಜೂನ್‌ನಲ್ಲಿ ಹೋಗಬಹುದೇ ಅಂತ ಕೇಳಿದ್ದೀರಿ.

ಡಿಗ್ರಿ ನೋಡಿ ಮೋಸ ಹೋಗಬೇಡಿ. ಸಮುದ್ರದ ತೇವಕ್ಕೆ ಬೆವರು ಆರುವುದೇ ಇಲ್ಲ. ನಮ್ಮ ಕಡೆ ಮೇ ತಿಂಗಳಲ್ಲೂ ರಾತ್ರಿ 22ರ ಆಸುಪಾಸಿಗೆ ಇಳಿಯುತ್ತೆ, ಅಲ್ಲಿ 27ರ ಹತ್ತಿರವೇ ನಿಲ್ಲುತ್ತೆ.

ಮನೆ ವಿಚಾರವೇ ಮುಖ್ಯ. ಏಳು ದ್ವೀಪಗಳ ನಡುವಿನ ನೀರನ್ನು ಮಣ್ಣು ತುಂಬಿ ಮುಚ್ಚಿ ಕಟ್ಟಿದ ಊರದು. ತಗ್ಗು ಜಾಗ ಬಹಳ. ಚರಂಡಿಗಳು ಸಮುದ್ರಕ್ಕೋ ಖಾರಿಗೋ (ಒಳಕ್ಕೆ ಚಾಚಿದ ಸಮುದ್ರದ ಕಾಲುವೆಗೋ) ಬೀಳುತ್ತವೆ. ಜೋರು ಮಳೆಯ ಹೊತ್ತಿಗೇ ದೊಡ್ಡ ಉಬ್ಬರ, ಅಂದರೆ ನಾಲ್ಕೂವರೆ ಮೀಟರ್ ಮೇಲ್ಪಟ್ಟದ್ದು, ಬಂದರೆ ನೀರು ಹೋಗಲು ದಾರಿಯಿಲ್ಲ. ತೂಬಿನ ಬಾಗಿಲು ತೆರೆದರೆ ಸಮುದ್ರವೇ ಒಳಬರುತ್ತೆ. ಕುರ್ಲಾ ಪಕ್ಕದಲ್ಲೇ ಮೀಠಿ ನದಿ. 2005ರ ಜುಲೈ 26ರಂದು ಮುಂಬೈನದೇ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತು, ಮೈಸೂರಿನ ಇಡೀ ವರ್ಷದ ಮಳೆಗಿಂತ ಹೆಚ್ಚು!

ಹಾಗಾಗಿ ಎರಡನೇ ಮಹಡಿ ಅಥವಾ ಮೇಲಿನದೇ ಹಿಡಿಯಿರಿ. ಮುಂಗಡ ಕೊಡುವ ಮುಂಚೆ ಗೋಡೆಯ ಬುಡದಲ್ಲಿ ನೀರಿನ ಗೆರೆ ಇದೆಯಾ, ಕರೆಂಟ್ ಮೀಟರ್ ಎಷ್ಟು ಎತ್ತರದಲ್ಲಿದೆ ನೋಡಿ. ಹೊಸ ಸುಣ್ಣಬಣ್ಣ ನಂಬಬೇಡಿ, ಕೆಳಗಿನ ಅಂಗಡಿಯವರನ್ನು ಕೇಳಿ, ದಲ್ಲಾಳಿಯನ್ನಲ್ಲ.

ಊರು ಉತ್ತರ-ದಕ್ಷಿಣಕ್ಕೆ ಉದ್ದ, ಲೋಕಲ್ ರೈಲೂ ಹಾಗೇ. ಆಫೀಸಿನ ಲೈನಿನಲ್ಲೇ ಮನೆ ಇದ್ದರೆ ರೈಲು ಬದಲಿಸುವ ತಾಪತ್ರಯ ತಪ್ಪುತ್ತೆ. ಚರ್ಮದ ಶೂ ಊರಲ್ಲೇ ಬಿಡಿ, ಬೂಷ್ಟು ಹಿಡಿಯುತ್ತೆ. ಕನ್ನಡದವರು ಬೇಕಾದರೆ ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ ಇದೆ.