ಸಹಿ ಬಿದ್ದ ಮೇಲೆ ಮುಂದೇನು?

ಅಮೆರಿಕದ ಪ್ರಗತಿಪರ ಸಂಘಟನೆಗಳು ಇಂಟರ್‌ನೆಟ್ ಬಳಸಿ ಜನರನ್ನು ಸೇರಿಸುವ ಬಗೆಯ ಕುರಿತು ಕೊಡಗಿನ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಕಾಡಾನೆ ಹಾವಳಿಗೆ ಶಾಶ್ವತ ಪರಿಹಾರ ಬೇಕೆಂದು ಆನ್‌ಲೈನಿನಲ್ಲಿ ಸಾವಿರಾರು ಸಹಿ ಮಾಡಿಸಿದೆವು. ಪ್ರಿಂಟ್ ತೆಗೆದು ಮನವಿ ಕೊಟ್ಟೆವು, ಪೇಪರಿನಲ್ಲಿ ಫೋಟೊ ಬಂತು, ಅಲ್ಲಿಗೆ ಮುಗಿಯಿತು. ಅಮೆರಿಕದ ಮೂವ್‌ಆನ್ ಸಂಘಟನೆ ಸಹಿಯಿಂದಲೇ ಬೆಳೆಯಿತಂತೆ. ಅವರು ಬೇರೆ ಏನು ಮಾಡಿದರು?
— ಓದುಗರು, ಸಿದ್ದಾಪುರ

ಉತ್ತರ: ಸಹಿ ಹಾಕಿದವರನ್ನು ಅವರು ಕೈಬಿಡಲಿಲ್ಲ. 1998ರಲ್ಲಿ ಜೋನ್ ಬ್ಲೇಡ್ಸ್, ವೆಸ್ ಬಾಯ್ಡ್ ಎಂಬ ಸಾಫ್ಟ್‌ವೇರ್ ಉದ್ಯಮಿ ದಂಪತಿ, ಅಧ್ಯಕ್ಷ ಕ್ಲಿಂಟನ್ ಅವರಿಗೆ ಛೀಮಾರಿ ಹಾಕಿ ಸಂಸತ್ತು ಮುಂದಿನ ಕೆಲಸ ನೋಡಲಿ ಎಂದು ಒಂದೇ ವಾಕ್ಯದ ಮನವಿ ಹೊರಡಿಸಿದರು. ಆ ಮನವಿ ಸೋತಿತು. ಅದೇ ಡಿಸೆಂಬರಿನಲ್ಲಿ ಸಂಸತ್ತಿನ ಕೆಳಮನೆ ಕ್ಲಿಂಟನ್ ವಿರುದ್ಧ ವಾಗ್ದಂಡನೆ, ಅಂದರೆ ಅಧಿಕಾರದಿಂದ ಇಳಿಸುವ ಆರೋಪ, ಹೊರಿಸಿಯೇಬಿಟ್ಟಿತು. ಆದರೆ ಸಹಿ ಹಾಕಿದ ಲಕ್ಷಾಂತರ ಜನರ ಇಮೇಲ್ ವಿಳಾಸ ಕೈಯಲ್ಲಿ ಉಳಿಯಿತು. ಆ ಪಟ್ಟಿಯೇ ಮುಂದೆ ಸಂಘಟನೆಯಾಯಿತು.

ನೀವು ಬಳಸಿದ ಸೈಟಿನಿಂದ ಸಹಿದಾರರ ಫೋನ್ ನಂಬರ್ ನಿಮಗೆ ಸಿಕ್ಕಿದೆಯೆ? ಎಷ್ಟೋ ಸೈಟುಗಳು ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡು ಬರೀ ಹೆಸರು, ಎಣಿಕೆ ತೋರಿಸುತ್ತವೆ. ಹಾಗಿದ್ದರೆ ಒಂದು ಗೂಗಲ್ ಫಾರ್ಮ್ ಮಾಡಿ ಹೊಸದಾಗಿ ಶುರು ಮಾಡಿ. ಹೆಸರು, ಗ್ರಾಮ ಪಂಚಾಯಿತಿ, ಮೊಬೈಲ್ ನಂಬರ್, ಫೋನ್ ಮಾಡಲು ಒಪ್ಪಿಗೆ, ಇಷ್ಟೇ ಸಾಕು. ಪ್ರಶ್ನೆ ಹೆಚ್ಚಿದಷ್ಟೂ ಅರ್ಧಕ್ಕೇ ಬಿಟ್ಟುಹೋಗುತ್ತಾರೆ. ಪಂಚಾಯಿತಿಯ ಕಾಲಂ ಮಾತ್ರ ಇರಲೇಬೇಕು. ಅಮೆರಿಕದ ಸಂಸದರ ಕಚೇರಿಗೆ ಫೋನ್ ಮಾಡಿದರೆ ಸಿಬ್ಬಂದಿ ನಿಮ್ಮ ಊರು, ಪಿನ್‌ಕೋಡ್ ಕೇಳುತ್ತಾರೆ. ಬೇರೆ ಕ್ಷೇತ್ರದವರಾದರೆ ಆ ಕರೆಗೆ ತೂಕವಿಲ್ಲ. ಬೆಂಗಳೂರು, ದುಬೈಯ ಗೆಳೆಯರ ಸಹಿ ಬೇಡವೆನ್ನುತ್ತಿಲ್ಲ, ಆದರೆ ಅವನ್ನು ಬೇರೆ ಎಣಿಸಿ. ವಿರಾಜಪೇಟೆ, ಮಡಿಕೇರಿ ಕ್ಷೇತ್ರದ ಪಟ್ಟಿಗಳೂ ಬೇರೆ ಬೇರೆ ಇರಲಿ.

ಸಹಿ ಬಿದ್ದ ಎರಡು ದಿನದೊಳಗೆ ಫೋನ್ ಮಾಡಿ. ವಾರ ಕಳೆದರೆ ಯಾವ ಮನವಿ ಎಂದೇ ನೆನಪಿರುವುದಿಲ್ಲ. ಇದಕ್ಕೆ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ನಂಬಬೇಡಿ; ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ, ಒಂದು ಪಟ್ಟಿಗೆ 256 ಜನರ ಮಿತಿ ಬೇರೆ. ಫೋನಿನಲ್ಲಿ ಭಾಷಣ ಬೇಡ. "ನಿಮ್ಮ ತೋಟಕ್ಕೆ ಈಚೆಗೆ ಆನೆ ನುಗ್ಗಿದ್ದು ಯಾವಾಗ?" ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಆಮೇಲೆ ಒಂದೇ ಕೋರಿಕೆ: "ಶನಿವಾರ ಮೂರು ಗಂಟೆಗೆ ನಮ್ಮ ಮನೆಗೆ ಬರ್ತೀರಾ? ಲೈನ್‌ಮನೆಯಿಂದ ಒಬ್ಬರನ್ನು ಕರ್ಕೊಂಡು ಬರ್ತೀರಾ?" ತೋಟದ ದಾರಿಯಲ್ಲಿ ಬೆಳಗಿನ ಜಾವ ಆನೆಗೆ ಎದುರಾಗುವವರು ಕಾರ್ಮಿಕರು. ಅವರಿಲ್ಲದ ಸಭೆ ಬೆಳೆಗಾರರ ಸಭೆ ಮಾತ್ರ ಆಗುತ್ತದೆ, ಊರಿನ ಸಭೆ ಆಗುವುದಿಲ್ಲ.

ಮನೆಯಲ್ಲಿ ಹತ್ತು ಹದಿನೈದು ಜನ ಕೂರುವ ಇಂಥ ಸಭೆ ಕ್ಯಾಲಿಫೋರ್ನಿಯಾದ ಕೃಷಿ ಕಾರ್ಮಿಕರ ಸಂಘದ ಹಳೆಯ ಪಾಠ. ಅಲ್ಲಿ ಸಂಘದ ನಾಯಕ ಸೀಸರ್ ಚಾವೆಜ್ ಜೊತೆ ದುಡಿದ ಮಾರ್ಷಲ್ ಗ್ಯಾನ್ಜ್, 2008ರ ಒಬಾಮಾ ಪ್ರಚಾರದ ಸ್ವಯಂಸೇವಕರ ತರಬೇತಿಗೂ ಇದೇ ಪಾಠ ತಂದರು. ಬರುತ್ತೇನೆ ಎಂದವರಲ್ಲಿ ಅರ್ಧ ಬಂದರೆ ಪುಣ್ಯ ಎಂಬುದು ಅಲ್ಲಿನ ಸಂಘಟಕರ ರೂಢಿಯ ಲೆಕ್ಕ. 15 ಜನ ಬೇಕಾದರೆ 30 ಜನರನ್ನು ಒಪ್ಪಿಸಿ. "ನೋಡುವ" ಎಂದವರನ್ನು ಎಣಿಸಬೇಡಿ. ಹಿಂದಿನ ದಿನ ಒಮ್ಮೆ, ಅಂದು ಬೆಳಿಗ್ಗೆ ಒಮ್ಮೆ ಮತ್ತೆ ಫೋನ್ ಮಾಡಿ. ಸಂತೆಯ ದಿನ ತಪ್ಪಿಸಿ. ಕಾಫಿ ಕೊಯ್ಲಿನ ಕಾಲದಲ್ಲಾದರೆ ಕಾರ್ಮಿಕರಿಗೆ ಕೆಲಸ ಬಿಡುವ ಹೊತ್ತು ಕೇಳಿಕೊಂಡೇ ಸಮಯ ಇಡಿ. ಒಂದೂವರೆ ಗಂಟೆಯಲ್ಲಿ ಮುಗಿಸಿ, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರುವಂತಿರಲಿ. ಏಳುವ ಮುನ್ನ ಒಂದು ಹಾಳೆ ತಿರುಗಿಸಿ: ಯಾರು, ಯಾವ ಕೆಲಸ, ಯಾವ ತಾರೀಕಿನೊಳಗೆ. ಅಲ್ಲಿಂದ ಐವರು ಮುಂದೆ ಬಂದು ಒಬ್ಬೊಬ್ಬರು ಐದೈದು ಮನೆ ಹಿಡಿದರೆ 25 ಮನೆ ಆಯಿತು.

ಇನ್ನು ನಿಮ್ಮ ಬೇಡಿಕೆ. "ಶಾಶ್ವತ ಪರಿಹಾರ" ಎಂದರೆ ಯಾವ ಅಧಿಕಾರಿಯೂ "ಆಗಲಿ" ಎಂದು ತಲೆಯಾಡಿಸಿ ಕಳಿಸಬಹುದು. ನಮ್ಮ ಊರಿನ ಈ ಗಡಿಯಿಂದ ಆ ತೋಡಿನವರೆಗೆ ರೈಲ್ವೆ ಬ್ಯಾರಿಕೇಡ್ (ರೈಲು ಕಂಬಿಯ ಆನೆ ತಡೆಬೇಲಿ) ಯಾವ ತಿಂಗಳೊಳಗೆ ಹಾಕುತ್ತೀರಿ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನಲೇಬೇಕು.

ಪ್ರಶ್ನೆ: ಜನಸಂಪರ್ಕ ಸಭೆಯಲ್ಲಿ ನಾವು ಮಾತು ಶುರು ಮಾಡುವಷ್ಟರಲ್ಲಿ ಮೈಕ್ ಬೇರೆಯವರ ಕೈಗೆ ಹೋಗಿರುತ್ತದೆ. ಏನು ಮಾಡಬೇಕು?
— ಓದುಗರು, ಗೋಣಿಕೊಪ್ಪಲು

ಉತ್ತರ: 2016ರ ಡಿಸೆಂಬರಿನಲ್ಲಿ ಎಜ್ರಾ ಲೆವಿನ್, ಲಿಯಾ ಗ್ರೀನ್‌ಬರ್ಗ್ ಮುಂತಾದ ಮಾಜಿ ಸಂಸದೀಯ ಸಿಬ್ಬಂದಿ ಒಂದು ಗೂಗಲ್ ಡಾಕ್‌ನಲ್ಲಿ ಬರೆದು ಹಂಚಿದ 'ಇಂಡಿವಿಸಿಬಲ್' ಕೈಪಿಡಿಯಲ್ಲಿ ಇದಕ್ಕೆ ನೇರ ಉತ್ತರವಿದೆ. ಎದುರು ಪಾಳಯದ ಬಲಪಂಥೀಯ ಚಳವಳಿಯಾದ ಟೀ ಪಾರ್ಟಿಯವರು ಬಳಸಿದ ತಂತ್ರವನ್ನು ಕಣ್ಣಾರೆ ಕಂಡು ಕಲಿತು ಬರೆದದ್ದು ಅದು. ಗುಂಪಾಗಿ ಒಂದೇ ಕಡೆ ಕೂರಬೇಡಿ. ಒಬ್ಬೊಬ್ಬರು, ಇಬ್ಬಿಬ್ಬರು ಸಭಾಂಗಣದ ತುಂಬ ಹರಡಿ ಕೂತರೆ ಯಾವ ಸಾಲಿಗೆ ಮೈಕ್ ಹೋದರೂ ನಿಮ್ಮವರು ಇರುತ್ತಾರೆ. ಪ್ರಶ್ನೆ ಮೊದಲೇ ಬರೆದುಕೊಂಡಿರಿ. ಉತ್ತರ ಪೂರ್ತಿ ಬರುವವರೆಗೆ ಮೈಕ್ ಕೊಡಬೇಡಿ, ಏಕೆಂದರೆ ಹಾರಿಕೆಯ ಉತ್ತರ ಬಂದಾಗ ಮರುಪ್ರಶ್ನೆ ಕೇಳಲು ಅದು ಕೈಯಲ್ಲಿರಬೇಕು. ಇನ್ನೊಬ್ಬರು ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ.

ನಮ್ಮ ಕಡೆಯಿಂದ ಒಂದು ಸೇರಿಕೆ: ಪ್ರಶ್ನೆ ಎರಡು ವಾಕ್ಯ ಮೀರದಿರಲಿ. ವೇದಿಕೆಯ ಮೇಲಿರುವ ಸಾಹೇಬರನ್ನು ಹೊಗಳಲು ಮೊದಲ ವಾಕ್ಯ ಕಳೆದರೆ ಪ್ರಶ್ನೆಗೆ ಜಾಗ ಉಳಿಯುವುದಿಲ್ಲ. 2017ರಲ್ಲಿ ರಿಪಬ್ಲಿಕನ್ ಪಕ್ಷ ಒಬಾಮಾ ಕಾಲದ ಆರೋಗ್ಯ ಕಾಯ್ದೆಯನ್ನು ರದ್ದು ಮಾಡಲು ಹೊರಟಾಗ ಊರೂರಿನ ಸಭೆಗಳಲ್ಲಿ ರೋಗಿಗಳೂ ಅವರ ಮನೆಯವರೂ ಹೀಗೇ ಎದ್ದು ನಿಂತು ಕೇಳಿದರು. ಜುಲೈ 28ರಂದು ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಆ ರದ್ದತಿ ಮಸೂದೆ 49–51ರಿಂದ ಬಿದ್ದಾಗ ಮೂವರು ರಿಪಬ್ಲಿಕನ್ನರೇ ವಿರುದ್ಧ ಮತ ಹಾಕಿದ್ದರು.

ಪ್ರಶ್ನೆ: ಮಗಳು ಎಚ್‌-1ಬಿ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಚುನಾವಣಾ ಪ್ರಚಾರಕ್ಕೆ ಸೇರಬೇಕೆನ್ನುತ್ತಾಳೆ, ಹಣವನ್ನೂ ಕೊಡಬೇಕಂತೆ. ತೊಂದರೆ ಆಗುತ್ತದೆಯೆ?
— ಓದುಗರು, ಮಡಿಕೇರಿ

ಉತ್ತರ: ಹಣ ಕೊಡಕೂಡದು. ಅಭ್ಯರ್ಥಿಗೆ, ಪಕ್ಷಕ್ಕೆ ದೇಣಿಗೆ ಕೊಡಲು ಪೌರತ್ವ ಅಥವಾ ಗ್ರೀನ್‌ಕಾರ್ಡ್ ಬೇಕು. ಐದು ಡಾಲರ್ ಆದರೂ ತಪ್ಪೇ. ಪೌರತ್ವ ಇರುವ ಗೆಳತಿಯ ಹೆಸರಿನಲ್ಲಿ ಕೊಡಿಸುವುದು ಇನ್ನೊಂದು ಅಪರಾಧ. ಡೆಮಾಕ್ರಟರ ಸಣ್ಣ ದೇಣಿಗೆಗಳು ಹೆಚ್ಚಾಗಿ ಹರಿಯುವ ಆಕ್ಟ್‌ಬ್ಲೂ ಪುಟದಲ್ಲಿ ಇದರ ಬಗ್ಗೆ ದೃಢೀಕರಣದ ಸಾಲಿರುತ್ತದೆ, ಓದದೆ ಒತ್ತಬಾರದು. ಸಂಬಳವಿಲ್ಲದೆ ಸ್ವಯಂಸೇವಕಿಯಾಗಿ ಫೋನ್ ಮಾಡುವುದು, ಮನೆಮನೆಗೆ ಹೋಗುವುದು ಕಾನೂನುಬದ್ಧ. ಪ್ರಚಾರದ ಹಣ ಹೇಗೆ ಖರ್ಚು ಮಾಡಬೇಕೆಂಬ ತೀರ್ಮಾನದಲ್ಲಿ ಮಾತ್ರ ಅವರು ಪಾಲುಗೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಎಷ್ಟೇ ಒತ್ತಾಯಿಸಿದರೂ ಮತದಾರರ ನೋಂದಣಿ ಫಾರ್ಮಿಗೆ ತಮ್ಮ ಸಹಿ ಹಾಕಬಾರದು. ಪೌರರಲ್ಲದವರು ಅದಕ್ಕೆ ಸಹಿ ಹಾಕಿದರೆ ದೇಶ ಬಿಟ್ಟು ಕಳಿಸುವವರೆಗೂ ಹೋಗಬಹುದು. ವೀಸಾ ಅರ್ಜಿಯಲ್ಲಿ 2019ರಿಂದ ಸೋಶಿಯಲ್ ಮೀಡಿಯಾ ಖಾತೆಗಳ ವಿವರ ಕೇಳುತ್ತಾರೆ. ವೀಸಾ ನವೀಕರಣ ಹತ್ತಿರವಿದ್ದರೆ ವಲಸೆ ವಕೀಲರೊಬ್ಬರ ಸಲಹೆ ಪಡೆದೇ ಮುಂದುವರಿಯಲಿ.

ಪ್ರಶ್ನೆ: ಹ್ಯಾಷ್‌ಟ್ಯಾಗ್ ಟ್ರೆಂಡ್ ಆದರೆ ಏನಾದರೂ ಪ್ರಯೋಜನವಿದೆಯೆ?
— ಓದುಗರು, ಸೋಮವಾರಪೇಟೆ

ಉತ್ತರ: ಇದೆ, ಎರಡು ಮೂರು ದಿನದ ಮಟ್ಟಿಗೆ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂಬ ಹ್ಯಾಷ್‌ಟ್ಯಾಗ್ ಇಡೀ ರಾಜ್ಯದ ಗಮನ ಸೆಳೆದದ್ದು ನಿಮಗೆ ನೆನಪಿರಬಹುದು. ಅಂಥ ದಿನಗಳಲ್ಲೇ ಪಟ್ಟಿ ಬೆಳೆಸಬೇಕು. 2012ರ ಜನವರಿ 18ರಂದು ಸೋಪಾ ಎಂಬ ಅಮೆರಿಕದ ಇಂಟರ್‌ನೆಟ್ ಮಸೂದೆಯ ವಿರುದ್ಧ ಇಂಗ್ಲಿಷ್ ವಿಕಿಪೀಡಿಯ 24 ಗಂಟೆ ಪುಟ ಮುಚ್ಚಿದಾಗ, ಕಪ್ಪು ಪರದೆಯ ಮೇಲೆ ಓದುಗರ ಪಿನ್‌ಕೋಡ್ ಕೇಳಿ ಅವರ ಸಂಸದರ ಫೋನ್ ನಂಬರ್ ತೋರಿಸಿತು. ಕೆಲವೇ ದಿನಗಳಲ್ಲಿ ಮಸೂದೆ ಮೂಲೆಗೆ ಸೇರಿತು. ಕಳ್ಳ ಖಾತೆಗಳಿಂದ ಎಣಿಕೆ ಏರಿಸುವವರ ಮಾತಿಗೆ ಕಿವಿಗೊಡಬೇಡಿ. 2017ರಲ್ಲಿ ಇಂಟರ್‌ನೆಟ್ ನಿಯಮಗಳ ಬಗ್ಗೆ ಅಮೆರಿಕದ ಸಂವಹನ ಆಯೋಗಕ್ಕೆ ಬಂದ 2.2 ಕೋಟಿ ಅಭಿಪ್ರಾಯಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕಿನ ಅಟಾರ್ನಿ ಜನರಲ್ ಕಚೇರಿ ಆಮೇಲೆ ಪತ್ತೆ ಮಾಡಿತು. ನಿಜವಾದ ಜನರ ಮಾತೂ ಆ ರಾಶಿಯಡಿ ಹೂತುಹೋಯಿತು. ನಿಮ್ಮ ಪ್ರತಿ ಪೋಸ್ಟಿನ ಕೊನೆಯಲ್ಲಿ ಮೇಲೆ ಹೇಳಿದ ಫಾರ್ಮಿನ ಲಿಂಕ್ ಇರಲಿ, ಬಂದ ನಂಬರುಗಳನ್ನು ಆ ರಾತ್ರಿಯೇ ಫೋನ್ ಮಾಡಲು ನಾಲ್ಕು ಜನ ಹಂಚಿಕೊಳ್ಳಿ.