ಅಕ್ಷರ ಕಾಣುತ್ತಿದ್ದರೂ ಅಕ್ಷಿಪಟಲದ ಪರೀಕ್ಷೆ ಬೇಕೆ?

ಪ್ರಶ್ನೆ: ನನಗೆ 52 ವರ್ಷ. ಚಳ್ಳಕೆರೆಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ನಾಲ್ಕು ತಿಂಗಳಲ್ಲಿ ಎರಡು ಸಲ ಕನ್ನಡಕದ ನಂಬರ್ ಬದಲಾಯಿತು. ಈಗ ದೂರದ ಬೋರ್ಡೂ ಸ್ಪಷ್ಟವಾಗಿ ಕಾಣುತ್ತದೆ. ಆದರೂ ವೈದ್ಯರು ಕಣ್ಣಿಗೆ ಹನಿ ಹಾಕಿಸಿ ಒಳಗಿನ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ಇದು ಅಗತ್ಯವೇ?

ಉತ್ತರ: ಅಗತ್ಯ, ಒಂಬತ್ತು ವರ್ಷಗಳಲ್ಲಿ ಒಮ್ಮೆಯೂ ಆಗಿಲ್ಲವೆಂದಾದರೆ ತಡವೇ ಆಗಿದೆ. ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಫಲಕ ಓದಿಸಿ ನಂಬರ್ ಕೊಡುವುದು ಕಣ್ಣಿನ ಮುಂಭಾಗದ ಲೆಕ್ಕಾಚಾರವೇ ಹೊರತು, ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ (ರೆಟಿನಾ) ಸ್ಥಿತಿಯನ್ನು ಅದು ತಿಳಿಸುವುದಿಲ್ಲ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳ ಗೋಡೆ ದುರ್ಬಲವಾಗಿ, ಅಲ್ಲಲ್ಲಿ ಉಬ್ಬಿ, ರಕ್ತವೂ ದ್ರವವೂ ಜಿನುಗತೊಡಗುತ್ತವೆ. ಇದೇ ಡಯಾಬಿಟಿಕ್ ರೆಟಿನೋಪತಿ. ಇದರಲ್ಲಿ ನೋವಿಲ್ಲ, ಕೆಂಪಿಲ್ಲ. ದೃಷ್ಟಿಯ ನಡುಭಾಗಕ್ಕೆ ತಟ್ಟುವವರೆಗೆ ಓದಿಗೂ ತೊಂದರೆಯಿಲ್ಲ.

ನಿಮ್ಮ ನಂಬರ್ ಪದೇ ಪದೇ ಬದಲಾಗುತ್ತಿರುವುದೂ ಸಕ್ಕರೆಯ ಏರಿಳಿತದ ಸುಳಿವಾಗಿರಬಹುದು. ಸಕ್ಕರೆ ಏರಿದಾಗ ಕಣ್ಣಿನ ಮಸೂರದಲ್ಲಿ ನೀರಿನಂಶ ವ್ಯತ್ಯಾಸವಾಗಿ ಅದರ ಶಕ್ತಿಯೇ ಬದಲಾಗುತ್ತದೆ. ಕನ್ನಡಕವಿಲ್ಲದೆಯೇ ಲೆಕ್ಕದ ಪುಸ್ತಕ ಓದುವಂತಾಯಿತೆಂದು ಹಿಗ್ಗುವ ಕೆಲವರಲ್ಲಿ ನಿಜವಾಗಿ ಏರಿರುವುದು ಸಕ್ಕರೆ! ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಲ್ಲುವವರೆಗೆ ಮೂರನೆಯ ಕನ್ನಡಕಕ್ಕೆ ಹಣ ಸುರಿಯಬೇಡಿ.

ರಕ್ತಪರೀಕ್ಷೆಯ ಮುನ್ನಾ ಎರಡು ದಿನ ಮಂಡಕ್ಕಿ–ಮಿರ್ಚಿ ಬಿಟ್ಟು, ಖಾಲಿ ಹೊಟ್ಟೆಯ ಸಕ್ಕರೆಯನ್ನು ಚೆನ್ನಾಗಿ ತೋರಿಸುವುದು ನಮ್ಮ ದಾವಣಗೆರೆ–ಚಿತ್ರದುರ್ಗದ ಕಡೆ ಹೊಸತೇನಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಆ ಜಾಣತನ ನಡೆಯುವುದಿಲ್ಲ. ಹೆಚ್ಚಿನವರಿಗೆ ಅದು ಶೇ 7ರ ಆಸುಪಾಸಿನಲ್ಲಿರಬೇಕು. ನಿಮ್ಮ ಗುರಿಯನ್ನು ನಿಮ್ಮ ವೈದ್ಯರೇ ನಿಗದಿಪಡಿಸಲಿ. ರಕ್ತದೊತ್ತಡದ ಹತೋಟಿಯೂ ಕಣ್ಣಿಗೆ ಅಷ್ಟೇ ಮುಖ್ಯ, ಬೀಡಿ–ಸಿಗರೇಟು ಇದ್ದರೆ ಬಿಡಲೇಬೇಕು.

ಟೈಪ್ 2 ಮಧುಮೇಹದಲ್ಲಿ ಕಾಯಿಲೆ ಪತ್ತೆಯಾದ ಕೂಡಲೇ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ನೋಡಿಸಬೇಕು. ಹಾನಿ ಕಂಡುಬಂದರೆ ಅದರ ಹಂತಕ್ಕೆ ತಕ್ಕಂತೆ ಲೇಸರ್, ಕಣ್ಣಿನೊಳಗೆ ಚುಚ್ಚುಮದ್ದು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಚುಚ್ಚುಮದ್ದೆಂದರೆ ಹೆದರುವವರೇ ಹೆಚ್ಚು, ಆದರೆ ಕಣ್ಣನ್ನು ಮರಗಟ್ಟಿಸುವ ಹನಿ ಹಾಕಿಯೇ ಅದನ್ನು ಕೊಡುತ್ತಾರೆ. ಈ ಚಿಕಿತ್ಸೆಗಳು ಉಳಿದಿರುವ ದೃಷ್ಟಿಯನ್ನು ಕಾಪಾಡುವಷ್ಟು ಖಚಿತವಾಗಿ ಕಳೆದುಹೋದದ್ದನ್ನು ಮರಳಿಸಲಾರವು.

ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗಿ ಕಾಣುವುದರಿಂದ ಬೈಕಿನಲ್ಲಿ ಬರಬೇಡಿ, ಮನೆಯವರೊಬ್ಬರನ್ನು ಜೊತೆಗೆ ಕರೆತನ್ನಿ. ಇದರ ನಡುವೆ ಕಣ್ಣೆದುರು ಹಠಾತ್ತನೆ ಕಪ್ಪು ಚುಕ್ಕೆಗಳ ಮಳೆ, ಮಿಂಚು ಅಥವಾ ಪರದೆ ಇಳಿದಂತಹ ಮಬ್ಬು ಕಂಡರೆ ವಾರ್ಷಿಕ ತಪಾಸಣೆಯ ದಿನಕ್ಕಾಗಿ ಕಾಯದೆ ಅಂದೇ ಅಂಗಡಿಯ ಬಾಗಿಲು ಹಾಕಿ ಕಣ್ಣಿನ ವೈದ್ಯರ ಬಳಿಗೆ ಹೋಗಿ.