ಯೂನಿಯನ್ ಜಾಕ್ ಅಂದ್ರೆ ತಪ್ಪಾ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಶಾಲೆಯ ಕ್ವಿಜ್‌ನಲ್ಲಿ ಬ್ರಿಟನ್ನಿನ ರಾಷ್ಟ್ರಧ್ವಜದ ಹೆಸರು ಕೇಳಿದ್ದರು. ಇವಳು ‘ಯೂನಿಯನ್ ಜಾಕ್’ ಅಂದಳು. ‘ತಪ್ಪು, ಯೂನಿಯನ್ ಫ್ಲ್ಯಾಗ್ ಅನ್ನಬೇಕು, ಹಡಗಿನ ಮೇಲೆ ಹಾರಿದರೆ ಮಾತ್ರ ಜಾಕ್’ ಅಂದರಂತೆ. ಒಂದೇ ಅಂಕದಲ್ಲಿ ಬಹುಮಾನ ಹೋಯಿತು. ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಯಾವುದು ಸರಿ ಸರ್?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಮೊದಲು ಮಗಳನ್ನು ಊಟಕ್ಕೆ ಕೂರಿಸಿ. ಅವಳ ಉತ್ತರ ಸರಿಯಾಗಿದೆ. ಫ್ಲ್ಯಾಗ್ ಅಂದಿದ್ದರೂ ಸರಿಯೇ. ಒಂದನ್ನು ತಪ್ಪು ಅಂದದ್ದೇ ತಪ್ಪು.

ಹಾಗಂತ ಪ್ರಶ್ನೆ ಕೇಳಿದವರು ಸುಮ್ನೆ ಹೇಳಿದ್ದಲ್ಲ. ಹಡಗಿನ ಮೂತಿಯ ಕಡೆ ಒಂದು ಸಣ್ಣ ಕಂಬ ಇರುತ್ತದೆ. ಅದಕ್ಕೆ ಕಟ್ಟುವ ಚಿಕ್ಕ ಬಾವುಟಕ್ಕೆ ನಾವಿಕರು ‘ಜಾಕ್’ ಅನ್ನುತ್ತಾರೆ. ನಮ್ಮ ಕಡೆ ತೇರಿನ ಬಾವುಟಕ್ಕೆ ಪಟಾಕ್ಷಿ ಅನ್ನೋದಿಲ್ವೇ, ಹಾಗೆ. ಆದರೆ ಪಟಾಕ್ಷಿ ತೇರಿನಲ್ಲೇ ಉಳಿಯಿತು, ಜಾಕ್ ಮಾತ್ರ ಹಡಗಿನಿಂದ ಇಳಿದು ಊರೆಲ್ಲ ಸುತ್ತಿತು.

ಈ ಧ್ವಜ ಹುಟ್ಟಿದ್ದೇ ಹಡಗಿಗಾಗಿ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ಇಂಗ್ಲೆಂಡಿನದು ಬಿಳಿಯ ಮೇಲೆ ಕೆಂಪು ಶಿಲುಬೆ, ಸ್ಕಾಟ್ಲೆಂಡಿನದು ನೀಲಿಯ ಮೇಲೆ ಗುಣಿಸುವ ಗುರುತಿನಂಥ ಬಿಳಿ ಶಿಲುಬೆ. ಎರಡನ್ನೂ ಕೂಡಿಸಿದ ಬಾವುಟವನ್ನು ಹಡಗುಗಳ ಮೇಲೆ ಹಾರಿಸಿ ಅಂತ 1606ರಲ್ಲಿ ಅಪ್ಪಣೆ ಕೊಟ್ಟ. ಐರ್ಲೆಂಡ್ ಸೇರಿದ ಮೇಲೆ, 1801ರಲ್ಲಿ, ಓರೆಯಾದ ಕೆಂಪು ಪಟ್ಟಿಗಳೂ ಬಂದವು. ಪಾಪ ವೇಲ್ಸಿಗೆ ಇದರಲ್ಲಿ ಒಂದು ಗೆರೆಯೂ ಇಲ್ಲ.

ಹೆಸರಿನ ಜಗಳವೂ ಹಳೆಯದೇ. ತಮಾಷೆ ಏನಂದ್ರೆ, ಹಡಗಿನವರೇ ಇದನ್ನು ಮುಗಿಸಿಬಿಟ್ಟಿದ್ದರು. ಯಾವ ಹೆಸರನ್ನು ಬೇಕಾದರೂ ಬಳಸಬಹುದು ಅಂತ ಬ್ರಿಟನ್ನಿನ ನೌಕಾಪಡೆಯ ಮಂಡಳಿ 1902ರಲ್ಲೇ ತಿಳಿಸಿತು. 1908ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಸರ್ಕಾರದ ಪರವಾಗಿ ಬಂದ ಉತ್ತರದಲ್ಲಿ, ಯೂನಿಯನ್ ಜಾಕನ್ನೇ ರಾಷ್ಟ್ರಧ್ವಜ ಅಂತ ತಿಳಿಯಬೇಕು, ನೆಲದ ಮೇಲೆ ಪ್ರಜೆಗಳೆಲ್ಲ ಹಾರಿಸಬಹುದು ಅಂತ ಹೇಳಿದರು. ‘ನೆಲದ ಮೇಲೆ’ ಅನ್ನೋದನ್ನು ಗಮನಿಸಿ. ಇದೇ ರಾಷ್ಟ್ರಧ್ವಜ ಅಂತ ಅಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲ, ಎಲ್ಲ ರೂಢಿಯಿಂದ ಬಂದದ್ದು. ಕಾಯ್ದೆಯೇ ಇಲ್ಲದ ಕಡೆ ಹೆಸರಿಗೆ ಅಂಕ ಕಳೆಯೋದು ಜಾಸ್ತಿ ಆಯ್ತು.

ನಿಮ್ಮ ಊರಿನ ಮಾತೂ ಒಂದಿದೆ. ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯ ಈಚೆ ದಡ, ಅಂದರೆ ಸಿರುಗುಪ್ಪ, ಬಳ್ಳಾರಿ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಲ್ಲಿ ಯೂನಿಯನ್ ಜಾಕ್. ಹೊಳೆ ದಾಟಿ ಸಿಂಧನೂರಿಗೆ ಹೋದರೆ ನಿಜಾಮರ ಸೀಮೆ, ಅಲ್ಲಿ ಹಳದಿ ಬಣ್ಣದ ಆಸಫಿಯಾ ಧ್ವಜ. ಒಂದೇ ಹೊಳೆ, ದಡಕ್ಕೊಂದು ಬಾವುಟ.

ಬಹುಮಾನ ಹೋದದ್ದು ಹೋಯಿತು. ಮುಂದಿನ ಸಲ ಮಗಳೇ ಅವರಿಗೊಂದು ಪ್ರಶ್ನೆ ಹಾಕಲಿ: ಈ ಧ್ವಜ ತಲೆಕೆಳಗಾದರೆ ಗೊತ್ತಾಗೋದು ಹೇಗೆ? ನೋಡೋಕೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಅಲ್ವಾ? ಕಂಬದ ಪಕ್ಕದ ಮೇಲಿನ ಮೂಲೆ ನೋಡಬೇಕು. ಅಲ್ಲಿ ಓರೆಯಾದ ಕೆಂಪು ಪಟ್ಟಿಯ ಮೇಲೆ ಅಗಲದ ಬಿಳಿ, ಕೆಳಗೆ ಸಣ್ಣ ಬಿಳಿ ಇರಬೇಕು. ಸಣ್ಣದು ಮೇಲೆ ಬಂದಿದ್ದರೆ ಉಲ್ಟಾ ಕಟ್ಟಿದ್ದಾರೆ.

ಪ್ರಶ್ನೆ: ನಮ್ಮ ಧ್ವಜಕ್ಕೆ ತಿರಂಗಾ ಅನ್ನಬೇಕೋ, ತ್ರಿವರ್ಣ ಧ್ವಜ ಅನ್ನಬೇಕೋ? ಚಕ್ರದ ನೀಲಿ ಸೇರಿದರೆ ನಾಲ್ಕು ಬಣ್ಣ ಆಗೋದಿಲ್ವಾ? ನಮ್ಮಜ್ಜ ಝಂಡಾ ಅಂತಲೇ ಅಂತಾರೆ.
– ಓದುಗರೊಬ್ಬರು, ಮಾನ್ವಿ

ಉತ್ತರ: ಕಾಗದದ ಮೇಲಿನ ಹೆಸರು ‘ಭಾರತದ ರಾಷ್ಟ್ರಧ್ವಜ’. ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲೂ 2002ರ ಧ್ವಜ ಸಂಹಿತೆಯಲ್ಲೂ ರಾಷ್ಟ್ರಧ್ವಜ ಅಂತಲೇ ಇದೆ. ಅರ್ಜಿ, ಆಮಂತ್ರಣ, ಪರೀಕ್ಷೆಗೆ ಇದನ್ನೇ ಬರೆಯಿರಿ. ತಿರಂಗಾ ಹಿಂದಿಯ ಮಾತು, ತ್ರಿವರ್ಣ ಧ್ವಜ ನಮ್ಮದು. ಎರಡೂ ಪ್ರೀತಿಯ ಹೆಸರುಗಳು.

ನಾಲ್ಕು ಬಣ್ಣದ ಲೆಕ್ಕ ಜಾಣತನದ್ದೇ. ಆದರೆ 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ನಿರ್ಣಯದಲ್ಲಿ ತ್ರಿವರ್ಣ ಅಂದದ್ದು ಸಮ ಅಳತೆಯ ಮೂರು ಪಟ್ಟಿಗಳಿಗೆ: ಕೇಸರಿ, ಬಿಳಿ, ಹಸಿರು. 24 ಅರೆಗಳ ನೀಲಿ ಚಕ್ರ ಬಿಳಿ ಪಟ್ಟಿಯ ಮೇಲಿನ ಗುರುತು, ಅದು ಪಟ್ಟಿಯಲ್ಲ.

ಇನ್ನು ನಿಮ್ಮಜ್ಜನನ್ನು ತಿದ್ದಲು ಹೋಗಬೇಡಿ. ರಾಯಚೂರು ಸೀಮೆಯಲ್ಲಿ ಝಂಡಾ ಕಟ್ಟೆ ಅಂದರೆ ಯಾರಿಗೂ ವಿವರಿಸಬೇಕಿಲ್ಲ. ನಿಜಾಮರ ಆಳ್ವಿಕೆ ಇಲ್ಲಿ ಮುಗಿದದ್ದು 1948ರ ಸೆಪ್ಟೆಂಬರ್‌ನಲ್ಲಿ. ದೇಶವೆಲ್ಲ ಹಬ್ಬ ಮಾಡಿದ ಮೇಲೂ ಒಂದು ವರ್ಷದ ಮೇಲೆ ಇಲ್ಲಿನವರು ಕಾದರು. ಈಗಲೂ ಇಲ್ಲಿ ಆಗಸ್ಟ್ 15ರ ಜೊತೆಗೆ ಸೆಪ್ಟೆಂಬರ್ 17ಕ್ಕೂ ಧ್ವಜ ಏರುತ್ತದೆ. ಆ ದಿನ ನಿಮ್ಮಜ್ಜನ ಬಾಯಲ್ಲಿ ‘ಝಂಡಾ ಏರಿಸಿದ್ರೇನು?’ ಅಂತ ಬಂದರೆ, ‘ಹೌದಜ್ಜಾ, ಏರಿಸಿದ್ರು’ ಅನ್ನಿ, ಸಾಕು.